ಹೊಳೆದಂಡೆಯಿಂದ ಮೂರನೇ ಮನೆ

ಬೀಚನಹಳ್ಳಿಗೆ ಕಾಗದ ಹಾಕುವವರು ಮೊದಲು ಹೆಸರು, ಆಮೇಲೆ ಊರು, ತಾಲ್ಲೂಕು, ಜಿಲ್ಲೆ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಹೋಗ್ತಾರೆ. ಕಂಪ್ಯೂಟರಿಗೆ ಅದನ್ನೇ ತಿರುಗಿಸಿ ಹೇಳಬೇಕು: ಕರ್ನಾಟಕ/ಮೈಸೂರು/ಎಚ್.ಡಿ.ಕೋಟೆ/ಬೀಚನಹಳ್ಳಿ/ನೀರಿನಮಟ್ಟ. ಫೈಲ್ ಪಾತ್ ಅಂದ್ರೆ ಇಷ್ಟೇ. ಆದರೂ ಜಾವಾ ಕಲಿಯುವವರಿಗೆ ಮೊದಲ ವಾರದಲ್ಲೇ ‘ಫೈಲ್ ಸಿಗಲಿಲ್ಲ’ ಅನ್ನೋ ಎಕ್ಸೆಪ್ಶನ್ ಎದುರಾಗುತ್ತೆ. ಫೈಲ್ ಕಣ್ಣೆದುರೇ ಇರುತ್ತೆ, ಪ್ರೋಗ್ರಾಮ್ ಮಾತ್ರ ಇಲ್ಲ ಅನ್ನುತ್ತೆ. ಈ ಜಗಳದ ಬೇರು ಸುಮಾರು ಅರುವತ್ತು ವರ್ಷ ಹಿಂದಿದೆ.

ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ 1960ರ ದಶಕದ ಮಲ್ಟಿಕ್ಸ್‌ನಲ್ಲೇ ಇತ್ತು. ಅಲ್ಲಿ ಹೆಸರುಗಳ ನಡುವೆ ಹಾಕುತ್ತಿದ್ದದ್ದು > ಚಿಹ್ನೆ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು ಕಟ್ಟಿದ ಯುನಿಕ್ಸ್‌ನಲ್ಲಿ ಅದು / ಆಯ್ತು. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ, ಫೈಲುಗಳೆಲ್ಲ ಒಂದೇ ಜಗಲಿ ಮೇಲೆ. / ಗೆರೆಯನ್ನು ಅದು ಕಮಾಂಡುಗಳ ಆಯ್ಕೆ ಸೂಚಿಸಲು ಬಳಸಿಬಿಟ್ಟಿತ್ತು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕ್ ಹೊತ್ತು ಬಂತು. ಅದರ ಜೊತೆ ಬಂದ ಡಾಸ್ 2.0ಗೆ ಫೋಲ್ಡರ್ ಬೇಕಾಯ್ತು, / ಖಾಲಿ ಇರಲಿಲ್ಲ. ಹಾಗಾಗಿ \ ಬಂತು. ವಿಂಡೋಸ್ ಇವತ್ತಿಗೂ ಅದನ್ನೇ ಹೊತ್ತು ನಡೀತಿದೆ.

1995ರಲ್ಲಿ ಜಾವಾ ತಂದ ಸನ್ ಮೈಕ್ರೋಸಿಸ್ಟಮ್ಸ್ ಕೊಟ್ಟ ಮಾತು: ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ. ಆದರೆ ಸಿ ಭಾಷೆಯಿಂದ ಬಂದ ರೂಢಿಯಂತೆ ಜಾವಾದಲ್ಲಿ \ ಗೆ ಬೇರೆ ಕೆಲಸ ಇದೆ. ಅದರ ಮುಂದೆ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ‘ಯೂಸರ್ಸ್’ ಫೋಲ್ಡರಿನ ‘ಯು’ ಚಿಕ್ಕಕ್ಷರದಲ್ಲಿ ಬಂದರೆ ಯೂನಿಕೋಡ್ ಸಂಖ್ಯೆ ಬೇಕು ಅಂತ ಕಂಪೈಲರ್ ಹಟ ಹಿಡಿಯುತ್ತೆ. ಅದಕ್ಕೇ \\ ಅಂತ ಎರಡು ಸಲ ಬರೆಯೋದು. / ಬರೆದರೆ ಈ ಗೋಳಿಲ್ಲ, ವಿಂಡೋಸ್ ಕೂಡ ಒಪ್ಪುತ್ತೆ.

ಗೆರೆಯ ಸಮಸ್ಯೆ ಹೀಗೆ ಮುಗೀತು. ದೊಡ್ಡ ಸಮಸ್ಯೆ ಅಂದ್ರೆ ವಿಳಾಸ ಯಾವತ್ತೂ ಬದಲಾಗಲ್ಲ ಅನ್ನೋ ನಂಬಿಕೆ. ಬೀಚನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯ್ತು. 1974ರಲ್ಲಿ ಅಲ್ಲೇ ಕಬಿನಿ ಅಣೆಕಟ್ಟು ಮುಗೀತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಜನ ಬೇರೆ ಕಡೆ ನೆಲೆ ಕಂಡುಕೊಳ್ಳಬೇಕಾಯ್ತು. 2014ರಲ್ಲಿ ಇಂಗ್ಲಿಷಿನಲ್ಲಿ ಮೈಸೂರಿನ ಸ್ಪೆಲಿಂಗೂ ಬದಲಾಯ್ತು. 1972ರಲ್ಲಿ ಬರೆದಿಟ್ಟ ಪೂರ್ತಿ ವಿಳಾಸ ಇವತ್ತು ಮೊದಲ ಪದದಲ್ಲೇ ತಪ್ಪು. ಸರಿ, ‘ಹೊಳೆದಂಡೆಯಿಂದ ಮೂರನೇ ಮನೆ’ ಅನ್ನೋ ವಿಳಾಸವಾದರೂ ಉಳೀತಾ? ಮುಳುಗಿದ ಊರಿಗೆ ಹೊಳೆದಂಡೆಯೇ ಇಲ್ಲ.

ಜಾವಾದಲ್ಲೂ ಹೀಗೇ. ಡ್ರೈವ್‌ನಿಂದ ಶುರುವಾಗುವ ಪೂರ್ತಿ ಪಾತ್ ಬರೆದರೆ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ನಡೆಯಲ್ಲ. ಬರೀ ಫೈಲ್ ಹೆಸರು ಕೊಟ್ಟರೆ ಪ್ರೋಗ್ರಾಮ್ ಯಾವ ಫೋಲ್ಡರಿನಿಂದ ಶುರುವಾಯ್ತೋ ಅದೇ ಹೊಳೆದಂಡೆ. ಎಕ್ಲಿಪ್ಸ್‌ನಲ್ಲಿ ಅದು ಸಾಮಾನ್ಯವಾಗಿ ಪ್ರಾಜೆಕ್ಟಿನ ಫೋಲ್ಡರ್. ಸರ್ವರಿನಲ್ಲಿ ಇನ್ನೆಲ್ಲೋ. ಕ್ಲಾಸ್ ಫೈಲ್ ಎಲ್ಲಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಪ್ರೋಗ್ರಾಮಿನ ಜೊತೆಗೇ ಹೋಗುವ ಫೈಲನ್ನು ಜಾರ್ ಒಳಗಿಟ್ಟು, ರಿಸೋರ್ಸ್ ಆಗಿ ಕ್ಲಾಸ್‌ಪಾತ್‌ನಿಂದ ಓದಿ. ಹೊರಗಿನ ಫೈಲಾದರೆ ಬುಡದ ಫೋಲ್ಡರನ್ನು ಸೆಟ್ಟಿಂಗ್‌ನಿಂದ ತಗೊಳ್ಳಿ. ಅದರ ಮುಂದಿನದನ್ನು ಜೋಡಿಸೋಕೆ 2011ರ ಜಾವಾ 7ರಲ್ಲಿ ಬಂದ ‘ಪಾತ್’ ಇದೆ, ಅದರ ‘ರಿಸಾಲ್ವ್’ ಇದೆ. ಕೈಯಾರೆ ಗೆರೆ ಎಳೆಯೋದು ಬೇಡ.

ದಾರಿ ಸರಿಯಾದ ಮೇಲೂ ಒಂದು ಹೊಸ್ತಿಲು ದಾಟಬೇಕು. ಫೈಲಿನಲ್ಲಿ ‘ಕಬಿನಿ ಗರಿಷ್ಠ ಮಟ್ಟ 2284 ಅಡಿ’ ಅಂತಿದ್ದರೆ, ಹಳೇ ಜಾವಾದ ಫೈಲ್‌ರೀಡರ್ ಅದನ್ನು ಆಯಾ ಯಂತ್ರದ ಎನ್‌ಕೋಡಿಂಗ್‌ನಲ್ಲಿ ಓದುತ್ತೆ. ಅಂಕಿ ಉಳಿದು ಕನ್ನಡ ಕೆಟ್ಟುಹೋಗಬಹುದು. ಯುಟಿಎಫ್-8 ತಾನಾಗೇ ಬಂದದ್ದು 2022ರ ಜಾವಾ 18ರಲ್ಲಿ. ಅದಕ್ಕಿಂತ ಹಳೆಯದಾದರೆ ಯುಟಿಎಫ್-8 ಅಂತ ನಾವೇ ಹೇಳಬೇಕು.

ಮುಂದಿನ ಸಲ ಫೈಲ್ ಸಿಗಲಿಲ್ಲ ಅಂದಾಗ ಹೆಸರು ತಿದ್ದೋಕೆ ಮುಂಚೆ ಆ ಪಾತ್‌ನ ಪೂರ್ತಿ ರೂಪವನ್ನು ಪ್ರಿಂಟ್ ಮಾಡಿ ನೋಡಿ. ಪ್ರೋಗ್ರಾಮ್ ಯಾವ ದಂಡೆಯಲ್ಲಿ ನಿಂತು ಹುಡುಕ್ತಿದೆ ಅಂತ ಒಂದೇ ಸಾಲಿನಲ್ಲಿ ಗೊತ್ತಾಗುತ್ತೆ.