ಬಾಬುರಾವ್ ಪೇಂಟರ್: ಕುಂಚದಿಂದ ಕ್ಯಾಮೆರಾಗೆ

ಬಾಬುರಾವ್ ಪೇಂಟರ್ (1890–1954) ಭಾರತೀಯ ಮೂಕಿಚಿತ್ರ ಯುಗದ ಪ್ರಮುಖ ನಿರ್ದೇಶಕ ಹಾಗೂ ನಿರ್ಮಾಪಕ. ಅವರ ಕಾರ್ಯಕ್ಷೇತ್ರ ಕೊಲ್ಲಾಪುರ. ನಿಪ್ಪಾಣಿಯಿಂದ ಕಾಗಲ್ ಮಾರ್ಗವಾಗಿ ಹೋದರೆ ಆ ನಗರ ಸುಮಾರು 40 ಕಿ.ಮೀ. ದೂರದಲ್ಲಿದೆ. ಚಿಕ್ಕೋಡಿ, ಅಥಣಿ, ಕಾಗವಾಡ ಸೀಮೆಯ ಜನರಿಗೆ ಕೊಲ್ಲಾಪುರವೆಂದರೆ ಪರಸ್ಥಳವಲ್ಲ. ರಾಯಬಾಗವಂತೂ ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಇಂದಿನ ಗಡಿರೇಖೆಯನ್ನು ಬದಿಗಿಟ್ಟು ನೋಡಿದರೆ, ಈ ಭಾಗದ ಮೊದಲ ಚಿತ್ರೋದ್ಯಮ ಕಟ್ಟಿದವರು ಬಾಬುರಾವ್ ಅವರೇ.

ಪರದೆ ಬರೆಯುವ ಮನೆತನ

ಅವರ ಪೂರ್ಣ ಹೆಸರು ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ. ಜನನ 1890ರ ಜೂನ್ 3ರಂದು. ಶಾಲೆಯಲ್ಲಿ ಕಲೆ ಕಲಿತವರಲ್ಲ. ಚಿತ್ರ, ಶಿಲ್ಪ ಎರಡನ್ನೂ ಸ್ವಂತ ಅಭ್ಯಾಸದಿಂದ ಸಾಧಿಸಿದರು. ಸೋದರಸಂಬಂಧಿ ಆನಂದರಾವ್ ಜೊತೆಗೂಡಿ ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆದುಕೊಡುತ್ತಿದ್ದರು. ಆ ಕಂಪನಿಗಳಲ್ಲಿ ಕೇಶವರಾವ್ ಭೋಸಲೆಯವರ ‘ಲಲಿತಕಲಾದರ್ಶ’ವೂ ಒಂದು. ಮರಾಠಿ ರಂಗಭೂಮಿಯ ಈ ಹೆಸರಾಂತ ಕಂಪನಿ ಹುಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ.

ಕೈಯಿಂದ ಮಾಡಿದ ಕ್ಯಾಮೆರಾ

1913ರಲ್ಲಿ ತೆರೆಕಂಡ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಈ ಸೋದರರಿಗೆ ಸಿನಿಮಾದ ಹುಚ್ಚು ಹಿಡಿಸಿತು. ಮುಂಬಯಿಯಿಂದ ಹಳೆಯ ಪ್ರೊಜೆಕ್ಟರ್ ಕೊಂಡುತಂದರು. ಕ್ಯಾಮೆರಾ ಕೊಳ್ಳುವಷ್ಟು ಹಣವಿರಲಿಲ್ಲ. ಆದ್ದರಿಂದ ತಾವೇ ತಯಾರಿಸಲು ಹೊರಟರು.

ಕೇಳಲು ಅಸಾಧ್ಯವೆನಿಸಿದರೂ ಇದರ ಹಿಂದೆ ಸರಳ ತತ್ತ್ವವೊಂದಿದೆ. ಪ್ರೊಜೆಕ್ಟರಿನಲ್ಲಿ ಫಿಲ್ಮು ಒಂದೇ ಸಮನೆ ಓಡುವುದಿಲ್ಲ. ಒಂದೊಂದು ಚೌಕಟ್ಟೂ ಕ್ಷಣಕಾಲ ನಿಂತು, ಬೆಳಕು ಪಡೆದು, ಮುಂದೆ ಸರಿಯುತ್ತದೆ. ಸರಿಯುವ ಹೊತ್ತಿನಲ್ಲಿ ಮುಚ್ಚಳವೊಂದು ಬೆಳಕನ್ನು ತಡೆಯುತ್ತದೆ. ಕ್ಯಾಮೆರಾದಲ್ಲೂ ನಡೆಯುವುದು ಇದೇ. ವ್ಯತ್ಯಾಸವೆಂದರೆ ಅಲ್ಲಿ ಬೆಳಕು ಹೊರಗಿನಿಂದ ಒಳಗೆ ಬರುತ್ತದೆ. ಹೀಗಾಗಿ ಒಂದರ ಹಲ್ಲುಚಕ್ರಗಳನ್ನು ಅರಿತವನಿಗೆ ಇನ್ನೊಂದರ ದಾರಿ ಅರ್ಧ ತಿಳಿದಂತೆಯೇ. ಉಳಿದರ್ಧ ಬರೀ ಬೆವರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ತಮ್ಮ ಶಿಷ್ಯ ವಿಷ್ಣುಪಂತ ದಾಮ್ಲೆಯವರೊಡನೆ ಕೆಲಸ ಮುಂದುವರಿಸಿದರು. 1918ರ ಹೊತ್ತಿಗೆ ಕ್ಯಾಮೆರಾ ಸಿದ್ಧವಾಯಿತು.

ಮಹಾರಾಷ್ಟ್ರ ಫಿಲ್ಮ್ ಕಂಪನಿ

ಅದೇ ಸುಮಾರಿಗೆ ‘ಮಹಾರಾಷ್ಟ್ರ ಫಿಲ್ಮ್ ಕಂಪನಿ’ ರೂಪುಗೊಂಡಿತು. ಗಾಯಕಿ ತಾನಿಬಾಯಿ ಕಾಗಲಕರ್ ಹಣ ಒದಗಿಸಿದರು. ಮೊದಲ ಚಿತ್ರ ‘ಸೈರಂಧ್ರಿ’ 1920ರಲ್ಲಿ ಪುಣೆಯಲ್ಲಿ ತೆರೆಕಂಡಿತು. ಭೀಮನು ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನೈಜವಾಗಿತ್ತೆಂದರೆ ಅದಕ್ಕೆ ಕತ್ತರಿ ಬಿತ್ತು. ಬಾಲಗಂಗಾಧರ ತಿಲಕರು ಬಾಬುರಾವ್ ಅವರಿಗೆ ‘ಸಿನಿಮಾ ಕೇಸರಿ’ ಎಂಬ ಬಿರುದನ್ನಿತ್ತರು. ಹೆಂಗಸರು ಕ್ಯಾಮೆರಾ ಎದುರು ನಿಲ್ಲುವುದೇ ಅಪಮಾನವೆನಿಸಿದ್ದ ಆ ಕಾಲದಲ್ಲಿ ಈ ಚಿತ್ರದ ಸ್ತ್ರೀಪಾತ್ರಗಳನ್ನು ಹೆಂಗಸರೇ ವಹಿಸಿದ್ದರು.

‘ಸಿಂಹಗಡ’ದಲ್ಲಿ (1923) ರಾತ್ರಿಯ ಕಾಳಗವನ್ನು ಕೃತಕ ಬೆಳಕಿನಲ್ಲಿ ಚಿತ್ರಿಸಿದರು. ಬಿಸಿಲನ್ನೇ ನಂಬಿದ್ದ ಚಿತ್ರರಂಗಕ್ಕೆ ಇದು ಹೊಸತು. ಬರೆದ ಪರದೆಗಳ ಬದಲು ಆಳ, ಅಗಲವುಳ್ಳ ಸೆಟ್ಟುಗಳನ್ನು ಕಟ್ಟಿಸಿದರು, ಪೋಸ್ಟರುಗಳನ್ನೂ ಬರೆದರು. ವರ್ಷಗಟ್ಟಲೆ ಪರದೆ ಬರೆದ ಕೈಯೇ ಪರದೆಯನ್ನು ಬೇಡವೆಂದದ್ದು ಗಮನಾರ್ಹ.

ಸಾವಕಾರಿ ಪಾಶ

ಅವರ ಸಾಧನೆಯ ಶಿಖರ 1925ರ ‘ಸಾವಕಾರಿ ಪಾಶ’. ದೇವತೆಗಳೂ ರಾಜರೂ ತುಂಬಿದ್ದ ತೆರೆಯ ಮೇಲೆ ಇಲ್ಲಿ ಬಂದವನು ಸಾಲಗಾರ ರೈತ. ಬಡ್ಡಿ ಸಾಹುಕಾರನ ಮೋಸಕ್ಕೆ ಹೊಲ ಕಳೆದುಕೊಂಡ ಆತ ಪಟ್ಟಣಕ್ಕೆ ಹೋಗಿ ಗಿರಣಿ ಕೂಲಿಯಾಗುತ್ತಾನೆ. ದೂಧಗಂಗಾ, ಕೃಷ್ಣಾ ತೀರದ ಯಾವ ಹಳ್ಳಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯುವ ರೈತನ ಪಾತ್ರ ಮಾಡಿದವರು ವಿ. ಶಾಂತಾರಾಮ್, ಬಾಲ್ಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಅಲ್ಲಿನ ತಗಡಿನ ಚಿತ್ರಮಂದಿರದಲ್ಲಿ ಸಿನಿಮಾದ ರುಚಿ ಹತ್ತಿಸಿಕೊಂಡಿದ್ದವರು. ಭಾರತದ ವಾಸ್ತವವಾದಿ ಚಿತ್ರಗಳ ಚರ್ಚೆ ಸಾಮಾನ್ಯವಾಗಿ 1950ರ ದಶಕದಿಂದ ಆರಂಭವಾಗುತ್ತದೆ. ಅದು ಈ ಚಿತ್ರಕ್ಕೆ ಆದ ಅನ್ಯಾಯವೇ ಸರಿ.

ಶಿಷ್ಯರು ಮತ್ತು ಮಾತಿನ ಯುಗ

1929ರಲ್ಲಿ ದಾಮ್ಲೆ, ಕಾಗಲ್‌ನ ಫತ್ತೇಲಾಲ್, ಶಾಂತಾರಾಮ್ ಮತ್ತು ಧಾಯ್ಬರ್ ಕಂಪನಿ ತೊರೆದು, ಸೀತಾರಾಮ ಕುಲಕರ್ಣಿಯವರ ಜೊತೆ ‘ಪ್ರಭಾತ್’ ಸಂಸ್ಥೆ ಕಟ್ಟಿದರು. ದಾಮ್ಲೆ–ಫತ್ತೇಲಾಲ್ ನಿರ್ದೇಶಿಸಿದ ‘ಸಂತ ತುಕಾರಾಮ್’ (1936) ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಗುರುವಿನ ಕಂಪನಿ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. ಬಾಬುರಾವ್ 1936ರಲ್ಲಿ ‘ಸಾವಕಾರಿ ಪಾಶ’ವನ್ನು ವಾಕ್ಚಿತ್ರವಾಗಿ ಮತ್ತೆ ತೆಗೆದರು, ಮುಂದೆಯೂ ಕೆಲವು ಚಿತ್ರಗಳು ಬಂದವು. ಆದರೆ ಮಾತು ಅವರ ಮಾಧ್ಯಮವಾಗಲಿಲ್ಲ; ಕುಂಚ, ಶಿಲ್ಪಗಳತ್ತ ಮರಳಿದರು. 1954ರ ಜನವರಿ 16ರಂದು ನಿಧನರಾದರು. ಅವರ ಮೂಕಿಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ.

ಕನ್ನಡದ ನಂಟು

ಅವರಿಂದಾಗಿ ಕೊಲ್ಲಾಪುರದಲ್ಲಿ ನುರಿತ ತಂತ್ರಜ್ಞರೂ ಸ್ಟುಡಿಯೋಗಳೂ ಬೆಳೆದವು. ಕನ್ನಡದಲ್ಲಿ ಬಿಡುಗಡೆಯಾದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದೂ ಅಲ್ಲಿಯೇ, ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು.