ಕರೆಂಟ್ ದರ: ಎಲ್ಲಿ ನಿಗದಿ, ವಕೀಲರ ಪಾತ್ರವೇನು?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಕರೆಂಟ್ ಕೊಡೋದು ಜೆಸ್ಕಾಂ. ಆದರೆ ಯೂನಿಟ್ ದರ ನಿಗದಿ ಮಾಡುವುದು 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ).

ವಕೀಲರ ಸ್ಥಾನ: ಇಂಥ ಆಯೋಗಗಳಲ್ಲಿ ಕಾನೂನು ಕ್ಷೇತ್ರದ ಒಬ್ಬ ಸದಸ್ಯರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದೆ. ಜಿಲ್ಲಾ ನ್ಯಾಯಾಧೀಶರಾಗುವ ಅರ್ಹತೆ, ಸಾಕಷ್ಟು ಅನುಭವ ಇರುವ ವಕೀಲರಿಗೂ ಈ ಹುದ್ದೆಗೆ ಅವಕಾಶವಿದೆ. ಆಯೋಗದ ಆದೇಶ ಒಪ್ಪದವರು ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಗ್ರಾಹಕರ ಹಕ್ಕು: ದರ ಏರಿಕೆಗೆ ಯಾರು ಬೇಕಾದರೂ ಆಯೋಗಕ್ಕೆ ಆಕ್ಷೇಪಣೆ ಸಲ್ಲಿಸಬಹುದು, ವಕೀಲರೇ ಬೇಕೆಂದಿಲ್ಲ. ಬಿಲ್ ಬಾಕಿ ಅಂತ ಲೈನ್ ಕಟ್ ಮಾಡಬೇಕಾದ್ರೆ ಕನಿಷ್ಠ 15 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು (ವಿದ್ಯುತ್ ಕಾಯ್ದೆ 2003, ಕಲಂ 56). ದೂರು ಜೆಸ್ಕಾಂ ಕಚೇರಿಯಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್.