ನೀಲಿ ಎಕ್ಸ್-ವಿಂಗ್ ಕೆಂಪಾದದ್ದು, ಉಪ್ಪಿನಕುದ್ರುವಿನ ಗೊಂಬೆ ಬಣ್ಣ ಬಿಡದದ್ದು

1977ರ ‘ಸ್ಟಾರ್ ವಾರ್ಸ್’ ನೋಡಿದ್ದೀರಲ್ಲ? ಅದರ ಎಕ್ಸ್-ವಿಂಗ್ ಮಾದರಿಗಳಿಗೆ ಮೊದಲು ನೀಲಿ ಪಟ್ಟಿ ಬಳಿಯೋದು ಅಂತಿತ್ತು. ಆದ್ರೆ ಚಿತ್ರೀಕರಣ ನೀಲಿ ಪರದೆ ಮುಂದೆ. ಪರದೆ ಜೊತೆ ಪಟ್ಟಿಯೂ ಮಾಯ ಆಗ್ತದೆ! ಹಾಗಾಗಿ ಪಟ್ಟಿ ಕೆಂಪಾಯ್ತು, ‘ಬ್ಲೂ’ ದಳ ‘ರೆಡ್’ ದಳವಾಯ್ತು.

ಈಗ ಕುಂದಾಪುರದ ಹತ್ರ ಉಪ್ಪಿನಕುದ್ರುವಿಗೆ ಬನ್ನಿ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಗಳು ಸುಮಾರು 18 ಇಂಚು ಎತ್ತರ, ಅಂದ್ರೆ ಮನುಷ್ಯನ ಕಾಲು ಭಾಗದಷ್ಟು. ಇದೂ ಸ್ಕೇಲ್ ಮಾಡೆಲ್ಲೇ, ಕಾಣಿ. ಆದ್ರೆ ಇಲ್ಲಿ ಬಣ್ಣ ಬದಲಿಸೋ ಹಾಗಿಲ್ಲ. ಬಡಗುತಿಟ್ಟಿನ ವೇಷ ರಂಗದಲ್ಲಿ ಹೇಗೋ, ಗೊಂಬೆಯೂ ಹಾಗೇ ಇರ್ಬೇಕು. ಮರದ ಮುಖಕ್ಕೆ ಹುಬ್ಬು ಕುಣಿಸೋಕಾಗಲ್ಲವಲ್ಲ! ಬಣ್ಣ ತಪ್ಪಿದ್ರೆ ರಾಜ ಯಾರು, ರಾಕ್ಷಸ ಯಾರು ಅಂತ ಕೊನೇ ಸಾಲಿನವರಿಗೆ ಭಾಗವತರೇ ಹೇಳ್ಬೇಕಾಗ್ತದೆ.